ದಿನಾ ಎಷ್ಟು ಆರ್‌ಪಿಎಂ?

ಕಳೆದ ಮಂಗಳವಾರ ಶಿವಮೊಗ್ಗದ ಸಾಗರ ರಸ್ತೆಯ ಗ್ಯಾರೇಜೊಂದರಲ್ಲಿ ಕಾರ್ಬೊರೇಟರ್ ಇರುವ ನನ್ನ ಹಳೆಯ ಮಾರುತಿ ಜಿಪ್ಸಿಯ ಎಂಜಿನ್ ಹೆಡ್ ಬಿಚ್ಚಿದಾಗ, ಮೂರನೆಯ ಪಿಸ್ಟನ್ನಿನ ಅಂಚು ಇಲಿ ಕಡಿದ ಕೊಬ್ಬರಿಯಂತೆ ಕಾಣುತ್ತಿತ್ತು. ಮಿಸ್ತ್ರಿ ಅದರ ಮೇಲೆ ಒಮ್ಮೆ ಬೆರಳಾಡಿಸಿ, ಏನನ್ನೂ ಹೇಳದೆ, ನಾನು ಕೊಟ್ಟ ಪಟ್ಟಿಯನ್ನು ಓದಿದರು. ವಾಲ್ವುಗಳನ್ನು ತೆರೆದು ಮುಚ್ಚುವ ಬೇರೆ ಕ್ಯಾಮ್‌ಶಾಫ್ಟ್, ಹೆಚ್ಚಿನ ಕಂಪ್ರೆಶನ್, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಒಂದರ ಬದಲು ಎರಡು, ಹೊಸ ಎಕ್ಸಾಸ್ಟ್: ಆರು ತಿಂಗಳು ರಾತ್ರಿ ಕುಳಿತು ಬರೆದ ಪಟ್ಟಿ ಅದು. ಓದಿ ಮುಗಿಸಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಗೌಡ್ರೇ, ಈ ಗಾಡಿ ದಿನಾ ಎಷ್ಟು ಆರ್‌ಪಿಎಂನಲ್ಲಿ ಓಡುತ್ತೆ? ಅದನ್ನ ಮೊದಲು ಹೇಳಿ."

ನನ್ನಲ್ಲಿ ಉತ್ತರವಿರಲಿಲ್ಲ. ನಿಮಿಷಕ್ಕೆ ಏಳು ಸಾವಿರ ಸುತ್ತಿನಲ್ಲಿ ಎಂಜಿನ್ ಎಷ್ಟು ಶಕ್ತಿ ಕೊಡಬಹುದೆಂದು ಲೆಕ್ಕ ಹಾಕಿದ್ದೆನೇ ಹೊರತು, ತೋಟದ ಏರುಹಾದಿಯಲ್ಲಿ ಅದು ಎಷ್ಟು ಸುತ್ತು ತಿರುಗುತ್ತದೆಂದು ಎಂದೂ ಯೋಚಿಸಿರಲಿಲ್ಲ.

ಪಿಸ್ಟನ್ ಹಾಳಾದ ಬಗೆಯನ್ನು ಹೇಳಲೇಬೇಕು. ಕಳೆದ ವರ್ಷ ಬೇರೆ ಊರಿನ ಗ್ಯಾರೇಜೊಂದರಲ್ಲಿ ಪಿಕಪ್ ಹೆಚ್ಚಿಸುತ್ತೇವೆಂದು ಕಂಪ್ರೆಶನ್ ಏರಲೆಂದು ಹೆಡ್ಡಿನ ತಳವನ್ನು ಅಂದಾಜಿನ ಮೇಲೆ ಸವೆಸಿ, ಕಿಡಿ ಹಾರುವ ಟೈಮಿಂಗನ್ನೂ ಮುಂದಕ್ಕೆ ತಿರುಗಿಸಿ ಕೊಟ್ಟಿದ್ದರು. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ತಿರುವುಗಳನ್ನು ಹತ್ತುವಾಗ, ಡಬ್ಬದಲ್ಲಿ ಒಣಗಿದ ಅಡಿಕೆ ಕುಲುಕಿದಂಥ ಸದ್ದು ಬರುತ್ತಿತ್ತು. ಮಿಶ್ರಣ ತಾನಾಗಿ ಸಿಡಿಯುವ ನಾಕಿಂಗ್ ಅದು, ಪಿಸ್ಟನ್ನಿನ ಅಂಚನ್ನು ತಿಂದದ್ದೂ ಅದೇ. ಕೇಳಿದರೆ ಹೊಸ ಎಂಜಿನ್ ಹಾಗೆಯೇ ಎಂದರು. ಆ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅಳೆಯಲು ಬಾರದಿದ್ದರೆ ಬಾರದೆಂದು ಹೇಳಬಹುದಿತ್ತು.

ಅಳತೆ ಅಷ್ಟು ಕಷ್ಟದ ಕೆಲಸವೂ ಅಲ್ಲ. ಈ ಮಿಸ್ತ್ರಿ ಹೆಡ್ಡನ್ನು ಮಗುಚಿಟ್ಟು, ವಾಲ್ವುಗಳನ್ನು ಕೂರಿಸಿ, ರಂಧ್ರವಿರುವ ಗಾಜಿನ ತುಂಡನ್ನು ಗ್ರೀಸ್ ಹಚ್ಚಿ ಮುಚ್ಚಿ, ಸಿರಿಂಜಿನಿಂದ ಎಣ್ಣೆ ತುಂಬಿಸಿ ಇಂಧನ ಉರಿಯುವ ಪ್ರತಿ ಕೋಣೆಯ ಗಾತ್ರವನ್ನು ಬರೆದುಕೊಂಡರು. 74 ಮಿಲಿಮೀಟರ್ ಬೋರ್ (ಸಿಲಿಂಡರಿನ ಅಗಲ), 75.5 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಇರುವ ಈ ಎಂಜಿನ್ 1298 ಸಿಸಿಯದು. ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಿಸಿದರೆ ಒಟ್ಟು ಗಾತ್ರ ಹೆಚ್ಚುವುದು ಸುಮಾರು 18 ಸಿಸಿ ಮಾತ್ರ. ಬೋರ್ ಮಾಡಿಸಿದರೆ ಶಕ್ತಿ ಬರುತ್ತದೆಂದು ನಂಬಿದ್ದ ನನಗೆ ಈ ಲೆಕ್ಕವೇ ಸಾಕಾಗಿತ್ತು. ಆ ಓವರ್‌ಸೈಜ್ ಪಿಸ್ಟನ್ನಿನಲ್ಲಿ 9.5 ಕಂಪ್ರೆಶನ್ ಬೇಕೆಂದರೆ, ಅಂದರೆ ಮಿಶ್ರಣವನ್ನು 9.5ರಲ್ಲಿ ಒಂದು ಪಾಲಿಗೆ ಹಿಂಡಬೇಕೆಂದರೆ, ಗ್ಯಾಸ್ಕೆಟ್ಟಿನ ದಪ್ಪವೂ ಸೇರಿ ಪ್ರತಿ ಪಿಸ್ಟನ್ ಮೇಲೆ ಉಳಿಯಬೇಕಾದ ಜಾಗ 38.7 ಸಿಸಿ. ಹಿಂದೆ ಹೆಡ್ ಸವೆಸಿದವರು ಇದರಲ್ಲಿ ಒಂದನ್ನೂ ಅಳೆದಿರಲಿಲ್ಲ.

ಕ್ಯಾಮ್‌ಶಾಫ್ಟಿನ ವಿಷಯಕ್ಕೆ ಬಂದಾಗ ಅವರ ಪ್ರಶ್ನೆ ಮತ್ತೆ ಎದುರು ನಿಂತಿತು. ಗಾಳಿಯನ್ನು ಒತ್ತಿ ಒಳತಳ್ಳುವ ಟರ್ಬೊ ಇಲ್ಲದ ಎಂಜಿನ್ ತಾನೇ ಎಳೆದುಕೊಂಡಷ್ಟು ಗಾಳಿಯಲ್ಲೇ ಬದುಕಬೇಕು. ದೊಡ್ಡ ಕ್ಯಾಮ್ ಹಾಕಿದರೆ ಗಾಳಿಯನ್ನು ಒಳಬಿಡುವ ಇನ್‌ಲೆಟ್ ವಾಲ್ವು ತಡವಾಗಿ ಮುಚ್ಚುತ್ತದೆ. ಎಂಜಿನ್ನಿನ ವೇಗ ಹೆಚ್ಚಿದ್ದಾಗ ಒಳನುಗ್ಗುವ ಗಾಳಿಯ ಓಟವೇ ಸಿಲಿಂಡರನ್ನು ತುಂಬಿಸುತ್ತದೆ, ವೇಗ ಕಡಿಮೆಯಿದ್ದಾಗ ಮಾತ್ರ ಮೇಲೇರುವ ಪಿಸ್ಟನ್ ಎಳೆದುಕೊಂಡ ಗಾಳಿಯಲ್ಲಿ ಒಂದು ಪಾಲನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿಬಿಡುತ್ತದೆ. ಗೊಬ್ಬರದ ಮೂಟೆ ಹೇರಿಕೊಂಡು ಕೆಸರಿನ ಏರಿನಲ್ಲಿ ಎರಡನೆಯ ಗೇರಿನಲ್ಲಿ ಹತ್ತುವ ಗಾಡಿಗೆ ಬೇಕಾದದ್ದು ಕಡಿಮೆ ವೇಗದ ಆ ಎಳೆತವೇ. ಬೆಂಗಳೂರಿನ ನನ್ನ ಅಕ್ಕನ ಮಗ ಫೋನಿನಲ್ಲಿ ಟರ್ಬೊ ಹಾಕಿಸಿ ಮಾಮ ಎನ್ನುತ್ತಾನೆ. ಬುದ್ಧಿವಂತ ಹುಡುಗ, ಆದರೆ ಆಷಾಢದಲ್ಲಿ ನಮ್ಮ ತೋಟದ ದಾರಿಯನ್ನು ಅವನು ಕಂಡಿಲ್ಲ.

ಇಂಧನದ ಮಾತೇ ಹೆಚ್ಚು ಹೊತ್ತು ನಡೆಯಿತು. ಈ ಕಾರ್ಬೊರೇಟರಿನ ಜೆಟ್ಟುಗಳು, ಅಂದರೆ ಪೆಟ್ರೋಲ್ ಹರಿಯುವ ಸಣ್ಣ ರಂಧ್ರಗಳು, ಎಥನಾಲ್ ಬೆರೆಯದ ಪೆಟ್ರೋಲಿನ ಕಾಲದವು. ಒಂದು ಪಾಲು ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಶೇಕಡಾ 20 ಎಥನಾಲ್ ಸೇರಿದ ಈಗಿನ ಪೆಟ್ರೋಲಿಗೆ ಸುಮಾರು 13.5 ಪಾಲು ಸಾಕು. ಅಂದರೆ ಅದೇ ಗಾಳಿಗೆ ಸುಮಾರು ಶೇಕಡಾ 9ರಷ್ಟು ಹೆಚ್ಚು ಇಂಧನ ಹರಿಯಬೇಕು. ಸೆನ್ಸರ್ ಇರುವ ಇಂಜೆಕ್ಷನ್ ಗಾಡಿಗಳು ಇದನ್ನು ಬಹುಮಟ್ಟಿಗೆ ತಾವೇ ಸರಿದೂಗಿಸಿಕೊಳ್ಳುತ್ತವೆ, ಕಾರ್ಬೊರೇಟರಿಗೆ ಆ ಅರಿವಿಲ್ಲ. ಎಥನಾಲ್ ನಾಕಿಂಗನ್ನು ತಡೆಯುತ್ತದೆ ಎಂಬುದು ನಿಜ. ಆದರೂ ಹತ್ತುವಾಗ ಮಿಶ್ರಣ ತೆಳುವಾದರೆ ಎಳೆತ ಕುಸಿಯುತ್ತದೆ. ಕೊಡಚಾದ್ರಿಯ 1343 ಮೀಟರ್ ಎತ್ತರಕ್ಕೆ ಹೋದರೆ ಕಥೆ ತಿರುಗುತ್ತದೆ: ಅಲ್ಲಿ ಗಾಳಿ ಸಮುದ್ರಮಟ್ಟದಲ್ಲಿರುವುದಕ್ಕಿಂತ ಸುಮಾರು ಶೇಕಡಾ 12ರಷ್ಟು ತೆಳು, ಅದೇ ಜೆಟ್ಟಿನಲ್ಲಿ ಮಿಶ್ರಣ ದಪ್ಪವಾಗುತ್ತದೆ. ಹೀಗಾಗಿ ಜೆಟ್ಟನ್ನು ಒಂದೊಂದೇ ಮೆಟ್ಟಿಲು ದೊಡ್ಡದು ಮಾಡುತ್ತಾ, ಮಿಶ್ರಣ ತೆಳುವೋ ದಪ್ಪವೋ ಎಂದು ಅಳೆಯುವ ವೈಡ್‌ಬ್ಯಾಂಡ್ ಸೆನ್ಸರನ್ನು ಎಕ್ಸಾಸ್ಟಿಗೆ ಕೂರಿಸಿ, ಘಾಟಿಯಲ್ಲೇ ಓಡಿಸಿ ನೋಡುವುದೆಂದು ತೀರ್ಮಾನಿಸಿದೆವು. ಹಳೆಯ ಪೆಟ್ರೋಲ್ ಪೈಪುಗಳನ್ನೂ ಎಥನಾಲ್ ತಾಳುವಂಥವಕ್ಕೆ ಬದಲಿಸಬೇಕು.

ಮೂರು ದಿನಗಳಿಂದ ಆ ಪ್ರಶ್ನೆ ನನ್ನ ಕಿವಿಯಲ್ಲೇ ಇದೆ. ಅಡಿಕೆ ಮರಕ್ಕೆ ಔಷಧಿ ಹೊಡೆಸುವಾಗ, ಪಂಪ್‌ಸೆಟ್ ಕೊಳ್ಳುವಾಗ, ಮನೆಗೆ ಹೆಂಚು ಬದಲಿಸುವಾಗ ನಾನು ಮೊದಲು ಕೇಳಬೇಕಾದದ್ದನ್ನು ಕೊನೆಗೆ ಕೇಳಿದ್ದೇನೆಂದು ಒಂದೊಂದಾಗಿ ನೆನಪಾಗುತ್ತಿದೆ. ಇದನ್ನು ಮೂವತ್ತು ವರ್ಷ ಕೈಗೆ ಗ್ರೀಸ್ ಹಚ್ಚಿಕೊಂಡ ಮನುಷ್ಯ ಅರ್ಧ ನಿಮಿಷದಲ್ಲಿ ತೋರಿಸಿದ್ದಕ್ಕೆ ನನಗೆ ಅವರ ಮೇಲೆ ದೊಡ್ಡ ಗೌರವ ಹುಟ್ಟಿದೆ.

ನಿನ್ನೆ ಫೋನ್ ಮಾಡಿ, "ಮಿಸ್ತ್ರಿ, ಕ್ಯಾಮ್ ಹಳೆಯದೇ ಇರಲಿ, ಎರಡನೇ ಕಾರ್ಬೊರೇಟರ್ ಬೇಡ" ಎಂದೆ. "ಸರಿ ಗೌಡ್ರೇ, ಸೋಮವಾರ ಬ್ಲಾಕು ಲೇತಿಗೆ ಹೋಗುತ್ತೆ. ಆರ್‌ಪಿಎಂ ಮೀಟರ್ ಒಂದು ತನ್ನಿ" ಎಂದರು.