ಬಾವಿಯೊಳಗೆ ಮಣಿಯುವ ಉಕ್ಕು

ತೈಲಬಾವಿಗೆ ಇಳಿಸುವ 5 ಅಂಗುಲದ ಉಕ್ಕಿನ ಕೊಳವೆ ಕೈಗೆ ಗಟ್ಟಿಮುಟ್ಟಾಗಿಯೇ ತೋರುತ್ತದೆ. ಆದರೆ ಅದನ್ನು 3 ಕಿಲೋಮೀಟರ್ ಉದ್ದಕ್ಕೆ ಜೋಡಿಸಿದಾಗ, ಅರ್ಧ ಮಿಲಿಮೀಟರ್ ದಪ್ಪದ ದಾರವನ್ನು ಸುಮಾರು 12 ಮೀಟರ್ ಇಳಿಬಿಟ್ಟಂತಾಗುತ್ತದೆ. ದಾರವನ್ನು ಎಳೆಯಬಹುದು, ತಳ್ಳುವುದು ಕಷ್ಟ. ಕೊರೆಯುವ ಬಿಟ್‌ಗೆ ಭಾರ ಕೊಡಬೇಕಾದಾಗ ಕೆಳಭಾಗ ಮೇಲಿನಿಂದ ಅದುಮಿಸಿಕೊಂಡು ಪಕ್ಕಕ್ಕೆ ಮಣಿಯಬಲ್ಲದು, ಆದ್ದರಿಂದ ಅಲ್ಲಿ ದಪ್ಪ ಗೋಡೆಯ ಡ್ರಿಲ್ ಕಾಲರ್‌ಗಳನ್ನು ಹಾಕುತ್ತಾರೆ. ಆರ್ಥರ್ ಲುಬಿನ್ಸ್ಕಿ 1950ರಲ್ಲಿ ಈ ಮಣಿಯುವಿಕೆಯನ್ನು ಗಣಿತದಲ್ಲಿ ವಿವರಿಸಿದರು.

ಓರೆ ಬಾವಿಯಲ್ಲಿ ಕೊಳವೆ ಬೇಗ ಬಾಗುತ್ತದೆಂದು ನಾನೂ ಮೊದಲು ಭಾವಿಸಿದ್ದೆ. ವಾಸ್ತವದಲ್ಲಿ ಅದು ಬಾವಿಯ ಕೆಳಗೋಡೆಯ ತೊಟ್ಟಿಲಿನಂಥ ತಗ್ಗಿನಲ್ಲಿ ಮಲಗಿರುತ್ತದೆ. ಪಕ್ಕಕ್ಕೆ ಸರಿಯಬೇಕಾದರೆ ಗೋಡೆಯನ್ನು ಹತ್ತಬೇಕು, ಅದನ್ನು ಸ್ವಂತ ತೂಕವೇ ತಡೆಯುತ್ತದೆ. ಎಷ್ಟು ತಳ್ಳುವವರೆಗೆ ಕೊಳವೆ ಮಣಿಯದು ಎಂಬ ಮಿತಿಗೆ ಸಂಶೋಧಕರಾದ ಡಾಸನ್ ಮತ್ತು ಪಾಸ್ಲೇ 1984ರಲ್ಲಿ ಕೊಟ್ಟ ಸೂತ್ರದ ತಿರುಳು ಇದೇ. ಆ ಮಿತಿ ಮೀರಿದರೆ ಕೊಳವೆ ಮೊದಲು ಹಾವಿನಂತೆ ಅಂಕುಡೊಂಕಾಗುತ್ತದೆ, ಇನ್ನಷ್ಟು ತಳ್ಳಿದರೆ ಸುರುಳಿಯಾಗುತ್ತದೆ. ಸುರುಳಿಯಾದ ಮೇಲೆ ಗೋಡೆಯ ಮೇಲಿನ ಒತ್ತು ತಳ್ಳುವ ಬಲದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಘರ್ಷಣೆ ಅದರ ಬೆನ್ನಿಗೇ ಏರುತ್ತದೆ, ಕೊನೆಗೆ ಮೇಲಿನಿಂದ ಎಷ್ಟೇ ತಳ್ಳಿದರೂ ತುದಿ ಕದಲದ ಸ್ಥಿತಿ ಬರುತ್ತದೆ.

ನನ್ನನ್ನು ಬಹುಕಾಲ ಕಾಡಿದ್ದು ಕೊಳವೆಯ ಒಳಗೂ ಹೊರಗೂ ಇರುವ ದ್ರವದ ಪಾತ್ರ. ಒಳಗಿನ ಒತ್ತಡ ಹೊರಗಿನದಕ್ಕಿಂತ ಸಾಕಷ್ಟು ಹೆಚ್ಚಾದರೆ, ಉಕ್ಕು ಇನ್ನೂ ಎಳೆತದಲ್ಲಿರುವಾಗಲೇ ಕೊಳವೆ ಸುರುಳಿಯಾಗಬಲ್ಲದು. ಏಕೆಂದರೆ ಸ್ವಲ್ಪ ಬಾಗಿದೊಡನೆ ಹೊರಬಾಗಿನ ಗೋಡೆಯ ವಿಸ್ತೀರ್ಣ ಹೆಚ್ಚಾಗಿ, ದ್ರವವು ಆ ಬಾಗನ್ನೇ ಮತ್ತಷ್ಟು ಹೊರಕ್ಕೆ ನೂಕುತ್ತದೆ. ಆದ್ದರಿಂದ ಉಕ್ಕಿನಲ್ಲಿರುವ ಬಲವನ್ನಷ್ಟೇ ನೋಡಿ ಕೊಳವೆ ನೆಟ್ಟಗಿದೆಯೆಂದು ತೀರ್ಮಾನಿಸುವಂತಿಲ್ಲ. ಒಳ ಹೊರ ಒತ್ತಡಗಳನ್ನು ಸೇರಿಸಿದ ಪರಿಣಾಮಕಾರಿ ಬಲವನ್ನೇ ಲೆಕ್ಕ ಹಾಕಬೇಕು.