ಹಿತ್ತಲಿನ ಅಂಕಣ ಮತ್ತು ಮಳೆನೀರಿನ ಲೆಕ್ಕ

ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಮನೆಯ ಹಿತ್ತಲಿನಲ್ಲಿ ಆಟದ ಅಂಕಣ ಕಟ್ಟಿಸಲು ಹೊರಟವರು ಮೊದಲು ಮಾಡಬೇಕಾದದ್ದು ಮಳೆನೀರಿನ ಲೆಕ್ಕ. ನಾವಿರುವ ಎಸ್‌ಎಫ್-3 ವಸತಿ ವಲಯದಲ್ಲಿ ನಿವೇಶನದ ಶೇ. 45ಕ್ಕಿಂತ ಹೆಚ್ಚು ಭಾಗವನ್ನು ನೀರು ಇಂಗದ ಹೊದಿಕೆಯಿಂದ ಮುಚ್ಚುವಂತಿಲ್ಲ. ಮನೆ, ಗ್ಯಾರೇಜು, ಡ್ರೈವ್‌ವೇ, ಕಾಲುದಾರಿ, ಹಿಂಬದಿಯ ಕಾಂಕ್ರೀಟು ಕಟ್ಟೆ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ವಿಚಿತ್ರವೆಂದರೆ ಈಜುಕೊಳದ ನೀರಿನ ಮೇಲ್ಮೈ ಮಾತ್ರ ಬರುವುದಿಲ್ಲ.

ನಮ್ಮ ನಿವೇಶನ ಸುಮಾರು 9,000 ಚದರಡಿ. ಅದರಲ್ಲಿ ಮುಚ್ಚಬಹುದಾದದ್ದು 4,050 ಚದರಡಿ. ಈಗಾಗಲೇ ಮುಚ್ಚಿರುವುದು 3,250. ಉಳಿದ 800 ಚದರಡಿಯಲ್ಲಿ ನಾವು ಬಯಸಿದ್ದ ಪಿಕಲ್‌ಬಾಲ್ (ಟೆನಿಸ್‌ನಂತೆ ನೆಟ್ ಕಟ್ಟಿ, ಸಣ್ಣ ಅಂಕಣದಲ್ಲಿ ಆಡುವ ಆಟ) ಅಂಕಣದ ಗೆರೆಗಳೊಳಗಿನ ಜಾಗವೇ ಹಿಡಿಸುವುದಿಲ್ಲ, ಏಕೆಂದರೆ 20 ಅಡಿ ಅಗಲ, 44 ಅಡಿ ಉದ್ದವೆಂದರೆ 880 ಚದರಡಿಯಾಗುತ್ತದೆ. ಚೆಂಡಿನ ಹಿಂದೆ ಓಡಲು ಸುತ್ತಲೂ ಜಾಗ ಬಿಟ್ಟು 30ಕ್ಕೆ 60 ಅಡಿಯ ಹಾಸು ಹಾಕಿದರೆ 1,800 ಚದರಡಿ ಬೇಕು. ಬಣ್ಣದ ಪ್ಲಾಸ್ಟಿಕ್ ಟೈಲುಗಳಿಂದ ನೀರು ಇಳಿದುಹೋಗುತ್ತದೆಂದು ಮಾರುವವರು ಹೇಳುವುದು ನಿಜವೇ ಆದರೂ, ಆ ಟೈಲುಗಳ ಕೆಳಗೆ ಇರುವುದು ಕಾಂಕ್ರೀಟೇ.

ಇಷ್ಟು ಬಿಗಿ ಏಕೆಂಬುದಕ್ಕೆ ಕಾರಣ ಈ ಊರಿನ ನೆಲದಲ್ಲಿದೆ. ನಗರದ ನೈಋತ್ಯಕ್ಕೆ ಸುಣ್ಣದಕಲ್ಲಿನ ಬಿರುಕುಗಳ ಮೂಲಕ ಮಳೆನೀರು ಎಡ್ವರ್ಡ್ಸ್ ಜಲಪದರಕ್ಕೆ ಇಳಿದು, ಮಣ್ಣಿನಲ್ಲಿ ಹೆಚ್ಚೇನೂ ಸೋಸಿಕೊಳ್ಳದೆ, ಊರಿನ ನಡುವೆಯೇ ಬಾರ್ಟನ್ ಸ್ಪ್ರಿಂಗ್ಸ್ ಬುಗ್ಗೆಗಳಾಗಿ ಮೇಲೇಳುತ್ತದೆ. ಆ ನೀರನ್ನು ಕಾಪಾಡಲು ಆಸ್ಟಿನ್ ಮತದಾರರು 1992ರಲ್ಲಿ ತಾವೇ ಒಂದು ಕಟ್ಟುನಿಟ್ಟಿನ ನಗರ ಕಾನೂನನ್ನು ಮತ ಹಾಕಿ ಜಾರಿಗೆ ತಂದರು. ಅದರಂತೆ ಬುಗ್ಗೆಗಳ ಜಲಾನಯನದಲ್ಲಿ ಹೊಸ ನಿರ್ಮಾಣದ ಹೊದಿಕೆಗೆ ಸ್ಥಳಕ್ಕನುಗುಣವಾಗಿ ಶೇ. 15ರಿಂದ 25ರ ಮಿತಿಯಿದೆ. ಅಲ್ಲಿಯೇ ಬದುಕುವ ಬಾರ್ಟನ್ ಸ್ಪ್ರಿಂಗ್ಸ್ ಸಾಲಮ್ಯಾಂಡರ್ ಎಂಬ ಸಣ್ಣ ಉಭಯಚರಿ 1997ರಿಂದ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ನನ್ನ ಅಂಕಣಕ್ಕೆ ಅಡ್ಡಿಯಾದರೂ ಈ ನಿಯಮ ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಅಂಗಳವನ್ನೆಲ್ಲ ಸಿಮೆಂಟಿನಿಂದ ಮುಚ್ಚಿ, ಮಳೆ ಬಂದಾಗ ರಸ್ತೆಯಲ್ಲಿ ನೀರು ನಿಂತಿತೆಂದು ದೂರುವ ಬೆಂಗಳೂರಿನ ಬಡಾವಣೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೆಲಮಟ್ಟದ ಕಾಂಕ್ರೀಟು ಹಾಸು ಹಾಕಲು ಪರವಾನಗಿಯೇ ಬೇಡವೆಂದು ಗುತ್ತಿಗೆದಾರನೊಬ್ಬ ವಾದಿಸಿದ. ಅಮೆರಿಕದ ಬಹುತೇಕ ನಗರಗಳು ಆಧಾರವಾಗಿಟ್ಟುಕೊಂಡಿರುವ ವಸತಿ ಕಟ್ಟಡ ಸಂಹಿತೆಯಲ್ಲಿ ಸಣ್ಣಪುಟ್ಟ ಕೆಲಸಗಳಿಗೆ ವಿನಾಯಿತಿ ಇರುವುದು ನಿಜ, ಆದರೆ ಪರವಾನಗಿಯ ವಿನಾಯಿತಿಯು ಇತರ ನಿಯಮಗಳನ್ನು ಮುರಿಯಲು ಕೊಟ್ಟ ಒಪ್ಪಿಗೆಯಲ್ಲವೆಂದು ಅದೇ ಸಂಹಿತೆ ಹೇಳುತ್ತದೆ. ದೀಪ ಹಾಕಿಸಿದರೆ ವಿದ್ಯುತ್ ಪರವಾನಗಿ ಬೇರೆಯೇ ಬೇಕು. ಮನೆಮಾಲೀಕರ ಸಂಘದ ಒಪ್ಪಿಗೆಗೂ ನಗರದ ಒಪ್ಪಿಗೆಗೂ ಸಂಬಂಧವಿಲ್ಲ. ಒಂದು ಸಿಕ್ಕಿತೆಂದು ಇನ್ನೊಂದನ್ನು ಬಿಡುವಂತಿಲ್ಲ. ಅಗೆಯುವ ಮುನ್ನ 811ಕ್ಕೆ ಕರೆ ಮಾಡಿ, ಭೂಗತ ಕೊಳವೆ ಮತ್ತು ತಂತಿಗಳನ್ನು ಗುರುತು ಮಾಡಿಸಿಕೊಳ್ಳಬೇಕು.

ಇವೆಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಬೇಲಿಯ ಬಳಿಯ ಓಕ್ ಮರ. ಕಾಂಡದ ವ್ಯಾಸ 19 ಇಂಚು ಮುಟ್ಟಿದ ಮರಕ್ಕೆ ಆಸ್ಟಿನ್‌ನಲ್ಲಿ ಕಾನೂನಿನ ರಕ್ಷಣೆಯಿದೆ. ವ್ಯಾಸದ ಪ್ರತಿ ಇಂಚಿಗೆ ಒಂದು ಅಡಿಯಂತೆ ಅದರ ಬೇರಿನ ವಲಯವನ್ನು ಅಳೆಯುತ್ತಾರಾದ್ದರಿಂದ, ನಮ್ಮ 20 ಇಂಚಿನ ಮರ ತನ್ನ ಸುತ್ತ 20 ಅಡಿ ತ್ರಿಜ್ಯದ ವೃತ್ತವನ್ನು ತನ್ನದಾಗಿಸಿಕೊಂಡಿದೆ.

ಕೊನೆಗೆ ಪಿಕಲ್‌ಬಾಲ್ ಕೈಬಿಟ್ಟು, ಮರದಿಂದ ದೂರದ ಮೂಲೆಯಲ್ಲಿ 25ಕ್ಕೆ 30 ಅಡಿಯ ಬ್ಯಾಸ್ಕೆಟ್‌ಬಾಲ್ ಹಾಸಿನ ನಕ್ಷೆಯನ್ನು ಸಿದ್ಧಪಡಿಸಿದ್ದೇವೆ. ಅದು 750 ಚದರಡಿ; ಮಿತಿಯೊಳಗೆ ಇನ್ನೂ 50 ಉಳಿಯುತ್ತದೆ. ಬ್ಯಾಡ್ಮಿಂಟನ್ನಿಗೆ ಹುಲ್ಲಿನ ಮೇಲೆ ಎತ್ತಿಡಬಹುದಾದ ನೆಟ್ ಸಾಕು, ಗಾಳಿ ಬೀಸದ ಸಂಜೆಗಳಲ್ಲಿ.