ಖಂಡುಗ ಹುಡುಕಿಕೊಂಡು ಬಂದವನು

ಇವತ್ತು ಮಧ್ಯಾಹ್ನ ಒಬ್ಬ ಹುಡುಗ ಬಂದ. ಅಜ್ಜನ ಕಾಲದ ಜಮೀನು ಪತ್ರದ ಫೋಟೊ ತೋರಿಸಿ, "ಮೇಡಂ, ಈ ಖಂಡುಗ ಅಂದ್ರೇನು?" ಅಂದ.

ಹಳೇ ಕಾಲದ ಅಳತೆ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ನನಗೆ ಗೊತ್ತಿತ್ತು. ಹೇಳಲಿಲ್ಲ. (ಲೈಬ್ರರಿಯವರ ಚಾಳಿ!) ಒಳಗಿನ ಕಪಾಟಿನಿಂದ ಕಿಟ್ಟೆಲ್ ನಿಘಂಟು ತಂದು ಮುಂದಿಟ್ಟೆ.

1894ರದ್ದು. ಮಂಗಳೂರಿನ ಬಾಸೆಲ್ ಮಿಷನ್ ಹೊರತಂದದ್ದು. ಸುಮಾರು 70,000 ಪದ. ಎತ್ತುವಾಗ ಸೊಂಟ ಹಿಡಿಯುತ್ತೆ. ಪುಸ್ತಕದ ಬೆನ್ನಿಗೆ ಎರಡು ಸಲ ಬಟ್ಟೆ ಅಂಟಿಸಿದ್ದೇನೆ. ಹಾಳೆ ಥೇಟ್ ಹಪ್ಪಳ, ಮಡಚಿದರೆ ಮುರಿದೇ ಹೋಗುತ್ತೆ.

"ನಿಧಾನ ಕಣಪ್ಪಾ."

ಹಾಳೆಯ ಹಿಂಬದಿಗೆ ಬೆರಳಾಡಿಸಿದರೆ ಅಚ್ಚುಮೊಳೆ ಒತ್ತಿದ ಗುರುತು ಇನ್ನೂ ತಾಗುತ್ತೆ. ಸಣ್ಣ ಸಣ್ಣ ಉಬ್ಬು. ಅವನಿಗೂ ಮುಟ್ಟಿಸಿದೆ. ಕಣ್ಣರಳಿಸಿದ.

(ಹೋದ ತಿಂಗಳು ಬಂದ ಹೊಸ ಪುಸ್ತಕಗಳು ಆಗಲೇ ಹಾಳೆ ಉದುರಿಸುತ್ತಿವೆ. ಇರಲಿ.)

ಖಂಡುಗ ಸಿಕ್ಕಿತು. ಹುಡುಗ ಮಾತ್ರ ಏಳಲಿಲ್ಲ. ಪದಗಳ ನಡುವೆ ಗಾದೆಗಳನ್ನೂ ಪೋಣಿಸಿಟ್ಟಿದ್ದಾರಲ್ಲ ಕಿಟ್ಟೆಲ್, ಅಲ್ಲಿ ಸಿಕ್ಕಿಬಿದ್ದ. ಒಂದು ಓದಿ ನಗುತ್ತಾನೆ, ಇನ್ನೊಂದು ಪುಟ ತಿರುಗಿಸುತ್ತಾನೆ. ಮೊಬೈಲು ಪಕ್ಕದಲ್ಲೇ ಬೋರಲು ಬಿದ್ದಿತ್ತು.

ಐದೂವರೆಗೆ ಫ್ಯಾನ್ ಆರಿಸಿದೆ.

"ಇನ್ನೊಂದೇ ಪುಟ ಮೇಡಂ..."

ಮತ್ತೆ ಹಾಕಿದೆ.